ಧ್ರುವಪ್ರದೇಶದ ಮಂಜುಗಡ್ಡೆ ಮತ್ತು ಬಿಸಿಲಿನ ಪ್ರತಿಫಲನ: ಅಂತರಿಕ್ಷದಿಂದ ಒಂದು ಅವಲೋಕನ

ಕೋಲಾರ ಜಿಲ್ಲೆಯಲ್ಲಿ ವರ್ಷವಿಡೀ ಹರಿಯುವ ನದಿಯಿಲ್ಲ. ಈ ಕೊರತೆಯನ್ನು ಅರಿತೇ ಹಿಂದಿನವರು ಊರೂರಿಗೆ ಕೆರೆಗಳನ್ನು ಕಟ್ಟಿಸಿದರು. ಕೋಲಾರಮ್ಮನ ಕೆರೆ, ಬೇತಮಂಗಲದ ಕೆರೆ ಮುಂತಾದವನ್ನು ದೂರಸಂವೇದಿ ಉಪಗ್ರಹದ ಚಿತ್ರಗಳಲ್ಲಿ ನೋಡುವವರಿಗೆ ಒಂದು ಸಂಗತಿ ಎದ್ದು ಕಾಣುತ್ತದೆ. ತುಂಬಿದ ಕೆರೆ ಕಪ್ಪಾಗಿಯೂ ಬತ್ತಿದ ಕೆರೆಯಂಗಳ ತಿಳಿಬಣ್ಣದಲ್ಲಿಯೂ ಗೋಚರಿಸುತ್ತವೆ. ನೀರು ತನ್ನ ಮೇಲೆ ಬಿದ್ದ ಬಿಸಿಲಿನ ಬಹುಭಾಗವನ್ನು, ಅದರಲ್ಲಿಯೂ ಅವಕೆಂಪು ಕಿರಣಗಳನ್ನು, ಹೀರಿಕೊಳ್ಳುತ್ತದೆ. ಒಣನೆಲ ಹೆಚ್ಚು ಬೆಳಕನ್ನು ಹಿಂದಿರುಗಿಸುತ್ತದೆ. ಕೋಲಾರದ ಚಿತ್ರದಲ್ಲಿ ಕಪ್ಪು ಹೆಚ್ಚಿದರೆ ಅದು ಸಂತಸದ ಸೂಚನೆ. ಧ್ರುವಪ್ರದೇಶದ ಚಿತ್ರದಲ್ಲಿ ಕಪ್ಪು ಹೆಚ್ಚಿದರೆ ಅದು ಆತಂಕದ ಸೂಚನೆ. ಈ ವೈದೃಶ್ಯದ ಹಿನ್ನೆಲೆಯನ್ನು ವಿವರಿಸುವುದೇ ಪ್ರಸ್ತುತ ಲೇಖನದ ಉದ್ದೇಶ.

ಒಂದು ಮೇಲ್ಮೈಯ ಮೇಲೆ ಬಿದ್ದ ಸೂರ್ಯಪ್ರಕಾಶದಲ್ಲಿ ಹಿಂದಿರುಗುವ ಭಾಗವನ್ನು 'ಆಲ್ಬೆಡೊ' ಅಥವಾ ಪ್ರತಿಫಲನಾಂಶ ಎನ್ನುತ್ತಾರೆ. ಆಗತಾನೆ ಬಿದ್ದ ಹಿಮವು ನೂರರಲ್ಲಿ 80ರಿಂದ 90 ಭಾಗ ಬೆಳಕನ್ನು ಹಿಂದಿರುಗಿಸುತ್ತದೆ. ಹಿಮದ ಹೊದಿಕೆಯಿಲ್ಲದ ಕಡಲ ಮಂಜುಗಡ್ಡೆಯಲ್ಲಿ ಈ ಪ್ರಮಾಣ 50ರಿಂದ 70. ತೆರೆದ ಕಡಲಿನಲ್ಲಿ ಸುಮಾರು 6 ಮಾತ್ರ. ಬಿಳಿಯ ಹಾಸು ಕರಗಿದೆಡೆಯಲ್ಲಿ ಕಪ್ಪು ನೀರು ಬಿಸಿಲನ್ನು ಹೀರಿ ಬೆಚ್ಚಗಾಗುತ್ತದೆ. ಆ ಶಾಖ ಮತ್ತಷ್ಟು ಮಂಜುಗಡ್ಡೆಯನ್ನು ಕರಗಿಸುತ್ತದೆ. ಪರಿಣಾಮವೇ ಮತ್ತೆ ಕಾರಣವಾಗುವ ಈ ಆವರ್ತವೇ ಧ್ರುವಪ್ರದೇಶದ ಅಧ್ಯಯನದ ತಿರುಳು.

ಇದನ್ನು ಅಳೆಯುವುದು ಸುಲಭವಲ್ಲ. ಧ್ರುವಪ್ರದೇಶದಲ್ಲಿ ತಿಂಗಳುಗಟ್ಟಲೆ ಇರುಳು, ಹಗಲಿದ್ದಾಗಲೂ ಮೋಡ. ಮೋಡವೂ ಹಿಮವೂ ಎರಡೂ ಬಿಳಿ. ಆದುದರಿಂದ ವಿಜ್ಞಾನಿಗಳು ಸೂಕ್ಷ್ಮತರಂಗಗಳ ಮೊರೆಹೋದರು. ಮಂಜುಗಡ್ಡೆಯೂ ಕಡಲನೀರೂ ಸಹಜವಾಗಿ ಹೊರಸೂಸುವ ಸೂಕ್ಷ್ಮತರಂಗಗಳ ಪ್ರಮಾಣ ಬೇರೆಬೇರೆ. ಅವನ್ನು ಗ್ರಹಿಸಲು ಬೆಳಕು ಬೇಡ, ಮೋಡವೂ ಹೆಚ್ಚಿನ ಅಡ್ಡಿಯಲ್ಲ. 1978ರ ಅಕ್ಟೋಬರಿನಲ್ಲಿ ಉಡಾವಣೆಗೊಂಡ ನಿಂಬಸ್-7 ಉಪಗ್ರಹದಿಂದ ಆರಂಭಿಸಿ ಇಂತಹ ದಾಖಲೆ ಮುಂದುವರಿದು ಬಂದಿದೆ. ಆದರೆ ಈ ವಿಧಾನಕ್ಕೂ ಮಿತಿಗಳುಂಟು. ದೀರ್ಘಾವಧಿಯ ದಾಖಲೆಯಲ್ಲಿ ಸಾಮಾನ್ಯವಾಗಿ ಬಳಸುವ ಚೌಕದ ಬದಿ 25 ಕಿ.ಮೀ.; ಅಂದರೆ 625 ಚದರ ಕಿ.ಮೀ., ಹೆಚ್ಚುಕಡಿಮೆ ಒಂದು ತಾಲ್ಲೂಕಿನಷ್ಟು ವಿಸ್ತಾರ. ಬೇಸಿಗೆಯಲ್ಲಿ ಮಂಜುಗಡ್ಡೆಯ ಮೇಲೆ ನಿಂತ ಕರಗುನೀರಿನ ಹೊಂಡಗಳನ್ನು ಉಪಕರಣವು ತೆರೆದ ಕಡಲೆಂದೇ ಎಣಿಸುವುದೂ ಉಂಟು. ಹರವನ್ನು ತಿಳಿದ ಮಾತ್ರಕ್ಕೆ ಹೊಳಪನ್ನು ತಿಳಿದಂತಾಗುವುದಿಲ್ಲ. ಆದುದರಿಂದ 1999ರ ಡಿಸೆಂಬರಿನಲ್ಲಿ ಉಡಾವಣೆಗೊಂಡ ಟೆರ್ರಾ ಉಪಗ್ರಹದ ಸೆರೆಸ್ ಉಪಕರಣದಂತಹವು ಭೂಮಿಯಿಂದ ಹಿಂದಿರುಗುವ ಸೂರ್ಯಪ್ರಕಾಶವನ್ನು ನೇರವಾಗಿ ಅಳೆಯತೊಡಗಿದವು.

ಈ ಕಾರ್ಯದಲ್ಲಿ ಕೋಲಾರದ ನೆರೆಯ ಬೆಂಗಳೂರಿಗೂ ಪಾಲುಂಟು. ಇಲ್ಲಿನ ಉಪಗ್ರಹ ಕೇಂದ್ರದಲ್ಲಿ ಸಿದ್ಧಗೊಂಡು 1999ರ ಮೇ 26ರಂದು ಕಕ್ಷೆ ಸೇರಿದ ಓಷನ್‌ಸ್ಯಾಟ್-1 ಉಪಗ್ರಹವು ಸೂಕ್ಷ್ಮತರಂಗ ವಿಕಿರಣಮಾಪಕವೊಂದನ್ನು ಹೊತ್ತಿತ್ತು. ಅದರ ಮಾಹಿತಿಯನ್ನು ಅಂಟಾರ್ಕ್ಟಿಕದ ಸುತ್ತಲಿನ ಕಡಲ ಮಂಜುಗಡ್ಡೆಯ ಅಧ್ಯಯನಕ್ಕೆ ಭಾರತೀಯ ವಿಜ್ಞಾನಿಗಳು ಬಳಸಿಕೊಂಡರು. 2025ರ ಜುಲೈ 30ರಂದು ಶ್ರೀಹರಿಕೋಟಾದಿಂದ ಉಡಾವಣೆಗೊಂಡ ಭಾರತ-ಅಮೆರಿಕಾ ಜಂಟಿ ಉಪಗ್ರಹ ನಿಸಾರ್ ಕೂಡ ಬೆಂಗಳೂರಿನಲ್ಲಿಯೇ ಜೋಡಣೆಗೊಂಡಿತು. ನಿಸಾರ್ ಬಿಸಿಲಿನ ಪ್ರತಿಫಲನವನ್ನು ಅಳೆಯುವುದಿಲ್ಲ. ತಾನೇ ಕಳುಹಿಸಿದ ರೇಡಾರ್ ತರಂಗಗಳ ಮರಳುವಿಕೆಯಿಂದ ಮಂಜುಗಡ್ಡೆಯ ಚಲನೆಯನ್ನು ಗುರುತಿಸುವಂತೆ ಅದನ್ನು ರೂಪಿಸಲಾಗಿದೆ.

ಅಳತೆಗಳಿಂದ ತಿಳಿದುಬಂದುದೇನು? ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ವ್ಯಾಸಂಗ ಮಾಡಿದ ವೀರಭದ್ರನ್ ರಾಮನಾಥನ್ ಅವರು ಕ್ರಿಸ್ಟಿನಾ ಪಿಸ್ಟೋನ್ ಮತ್ತು ಇಯಾನ್ ಐಸನ್‌ಮನ್ ಅವರೊಡನೆ 2014ರಲ್ಲಿ ಪ್ರಕಟಿಸಿದ ಸಂಶೋಧನೆ ಇಲ್ಲಿ ಉಲ್ಲೇಖನೀಯ. ಅವರು ಸೂಕ್ಷ್ಮತರಂಗ ದಾಖಲೆಯನ್ನೂ ಸೆರೆಸ್ ಅಳತೆಗಳನ್ನೂ ಜೊತೆಗೂಡಿಸಿದರು. ಆರ್ಕ್ಟಿಕ್ ಪ್ರದೇಶದ ಪ್ರತಿಫಲನಾಂಶ 1979ರಿಂದ 2011ರ ಅವಧಿಯಲ್ಲಿ 0.52ರಿಂದ 0.48ಕ್ಕೆ ಇಳಿದಿತ್ತು. ಅಂತರ ಅಲ್ಪವೆನಿಸಬಹುದು. ಆದರೆ ಇದರಿಂದ ಆ ಕಡಲಪ್ರದೇಶ ಪ್ರತಿ ಚದರ ಮೀಟರಿಗೆ 6.4 ವ್ಯಾಟ್‌ನಷ್ಟು ಹೆಚ್ಚುವರಿ ಸೌರಶಕ್ತಿಯನ್ನು ಹೀರಿತು. ಇದನ್ನು ಇಡೀ ಭೂಮಿಗೆ ಹಂಚಿ ಲೆಕ್ಕಹಾಕಿದರೆ, ಅದೇ ಅವಧಿಯಲ್ಲಿ ಇಂಗಾಲದ ಡೈಆಕ್ಸೈಡ್ ಹೆಚ್ಚಳದಿಂದಾದ ತಾಪಪ್ರಭಾವದ ಕಾಲುಭಾಗಕ್ಕೆ ಸಮನಾಗುತ್ತದೆ. 2012ರ ಸೆಪ್ಟೆಂಬರಿನಲ್ಲಿ ಆರ್ಕ್ಟಿಕ್ ಮಂಜುಗಡ್ಡೆ ಸುಮಾರು 34 ಲಕ್ಷ ಚದರ ಕಿ.ಮೀ.ಗೆ ಕುಗ್ಗಿತು. ದೀರ್ಘಕಾಲ ಅಂತಹ ಇಳಿಕೆ ತೋರದಿದ್ದ ಅಂಟಾರ್ಕ್ಟಿಕದಲ್ಲಿಯೂ 2023ರ ಫೆಬ್ರವರಿಯಲ್ಲಿ ಅದು ಸುಮಾರು 18 ಲಕ್ಷ ಚದರ ಕಿ.ಮೀ.ಗೆ ಇಳಿದು, ಅಲ್ಲಿನ ಉಪಗ್ರಹ ದಾಖಲೆಯ ಕನಿಷ್ಠ ಮಟ್ಟ ಮುಟ್ಟಿತು.

ಹಾಗೆಂದು ಆರ್ಕ್ಟಿಕ್ ಕರಗಿದ ವರ್ಷ ಮುಳಬಾಗಿಲು, ಶ್ರೀನಿವಾಸಪುರಗಳಲ್ಲಿ ಮಳೆ ತಪ್ಪುತ್ತದೆಂದು ಹೇಳುವುದು ವಿಜ್ಞಾನವಾಗದು. ಮುಂಗಾರನ್ನು ರೂಪಿಸುವ ಕಾರಣಗಳು ಹಲವು. ಆದರೆ ಧ್ರುವದ ಕಡಲು ಹೀರಿದ ಶಾಖ ಧ್ರುವದಲ್ಲಿಯೇ ಉಳಿಯುವುದಿಲ್ಲ. ಅದು ಭೂಮಿಯ ಒಟ್ಟು ಲೆಕ್ಕಕ್ಕೆ ಸೇರುತ್ತದೆ. ಭೂಮಿ ಬೆಚ್ಚಗಾದಷ್ಟೂ ಕೆರೆಯ ನೀರು ಬೇಗ ಆವಿಯಾಗುತ್ತದೆ. ಮಳೆಯೂ ಹದತಪ್ಪಿ, ಒಮ್ಮೆಲೇ ಸುರಿಯುವ ಸಂಭವ ಹೆಚ್ಚುತ್ತದೆ. ಮಳೆಯನ್ನೇ ನಂಬಿ ಕೆರೆ ಕಟ್ಟಿದ ನಾಡಿಗೆ ಇದು ದೂರದ ಮಾತಲ್ಲ. ಕೆರೆಯ ತೂಬಿನ ಬಳಿ ನೀರಿನ ಮಟ್ಟವನ್ನು ದಿನವೂ ನೋಡುತ್ತಿದ್ದ ನೀರಗಂಟಿಯ ಎಚ್ಚರವೇ ಧ್ರುವದ ಮೇಲೆ ಸುತ್ತುವ ಉಪಗ್ರಹಕ್ಕೂ ಬೇಕಾದುದು. ಒಂದು ದಿನದ ಅಳತೆಗಿಂತ, ದಶಕಗಳ ಕಾಲ ಎಡೆಬಿಡದೆ ನಡೆದ ಅಳತೆಯೇ ಇಲ್ಲಿ ಪ್ರಮಾಣ.