30 ದಿನದೊಳಗೆ ಒಂದು ಫೋಟೊ

ತಿಂಗಳು ತುಂಬುವ ಮೊದಲೇ ಹುಟ್ಟಿದ ಕೂಸು ಆಸ್ಪತ್ರೆಯ ಗಾಜಿನ ಪೆಟ್ಟಿಗೆಯಿಂದ ಹೊರಬಂದು ಮನೆ ಸೇರಿದರೆ, ಗಂಡಾಂತರ ಕಳೆಯಿತೆಂದೇ ನಾವು ತಿಳಿಯುತ್ತೇವೆ. ಆದರೆ ಕಣ್ಣಿನ ಗಂಡಾಂತರ ಆಗಷ್ಟೇ ಶುರುವಾಗಿರಬಹುದು. ಅಕ್ಷಿಪಟಲದ ರಕ್ತನಾಳಗಳು ಪೂರ್ತಿ ಬೆಳೆಯಲು ತುಂಬು ಗರ್ಭ ಬೇಕು. ಬೇಗ ಹುಟ್ಟಿದ ಮಗುವಿನಲ್ಲಿ ಅವು ಅಡ್ಡಾದಿಡ್ಡಿ ಬೆಳೆದು ಅಕ್ಷಿಪಟಲವನ್ನೇ ಎಳೆದು ಕಳಚಬಹುದು. ಇದಕ್ಕೆ ವೈದ್ಯರು ಆರ್‌ಒಪಿ ಎನ್ನುತ್ತಾರೆ. ಹೊರಗಿನಿಂದ ನೋಡಿದರೆ ಏನೂ ಗೊತ್ತಾಗುವುದಿಲ್ಲ.

34 ವಾರಕ್ಕೆ ಮೊದಲು ಹುಟ್ಟಿದ ಅಥವಾ 2 ಕೆ.ಜಿ.ಗಿಂತ ಕಡಿಮೆ ತೂಕದ ಮಗುವಿನ ಕಣ್ಣನ್ನು 30 ದಿನದೊಳಗೆ ಪರೀಕ್ಷಿಸಬೇಕು. ತೀರಾ ಬೇಗ ಹುಟ್ಟಿದ್ದರೆ ಎರಡು–ಮೂರು ವಾರದಲ್ಲೇ. ಆದರೆ ಇದನ್ನು ಬಲ್ಲ ತಜ್ಞರು ಹೆಚ್ಚಾಗಿ ಇರುವುದು ದೊಡ್ಡ ನಗರಗಳಲ್ಲಿ. ಜಮಖಂಡಿಯಿಂದ ಬೆಂಗಳೂರು 500 ಕಿ.ಮೀ.ಗೂ ದೂರ. ಬನಹಟ್ಟಿಯ ಮಗ್ಗದವರು, ಮುಧೋಳ–ಬೀಳಗಿಯ ಕಬ್ಬು ಕಡಿಯುವವರು ಒಂದು ದಿನ ಕೆಲಸ ಬಿಟ್ಟರೆ ಅಂದಿನ ಪಗಾರ ಇಲ್ಲ.

ಈ ದೂರಕ್ಕೆ ಉತ್ತರ ಹುಡುಕಿದ್ದು ನಮ್ಮ ರಾಜ್ಯವೇ. ಬೆಂಗಳೂರಿನ ನಾರಾಯಣ ನೇತ್ರಾಲಯದ ಡಾ. ಆನಂದ್ ವಿನೇಕರ್ ಮತ್ತು ತಂಡ 2008ರಲ್ಲಿ ‘ಕಿಡ್‌ರಾಪ್’ ಯೋಜನೆ ಆರಂಭಿಸಿತು. ತರಬೇತಿ ಪಡೆದ ತಂತ್ರಜ್ಞರು ಕ್ಯಾಮೆರಾ ಹೊತ್ತು ಜಿಲ್ಲೆಗಳ ನವಜಾತ ಶಿಶು ಘಟಕಗಳಿಗೆ ಹೋಗುತ್ತಾರೆ. ಕಣ್ಣಿಗೆ ಹನಿ ಹಾಕಿ ಅಕ್ಷಿಪಟಲದ ಫೋಟೊ ತೆಗೆಯುತ್ತಾರೆ. ಅದು ಅಂತರ್ಜಾಲದ ಮೂಲಕ ತಜ್ಞರನ್ನು ತಲುಪುತ್ತದೆ. ಅನೇಕ ಮಕ್ಕಳಲ್ಲಿ ತೊಂದರೆ ತಾನಾಗಿಯೇ ಇಳಿಯುತ್ತದೆ. ಹಳೆಯ ಫೋಟೊ ಪಕ್ಕ ಹೊಸದನ್ನಿಟ್ಟರೆ ಅದು ಕಾಣುತ್ತದೆ. ಏರುತ್ತಿದ್ದರೆ ಎರಡು–ಮೂರು ದಿನದಲ್ಲೇ ಲೇಸರ್ ಚಿಕಿತ್ಸೆ ಆಗಬೇಕು.

ಬಿಇ ಓದುತ್ತಿರುವ ನನ್ನನ್ನು ಸೆಳೆದದ್ದು ಇಲ್ಲಿನ ಕೆಲಸದ ಹಂಚಿಕೆ. ಫೋಟೊ ತೆಗೆಯುವವರು ವೈದ್ಯರೇ ಆಗಬೇಕಿಲ್ಲ, ಕೈ ಪಳಗಿರಬೇಕು. ಆಮದು ಕ್ಯಾಮೆರಾ ದುಬಾರಿಯಾದಾಗ ಬೆಂಗಳೂರಿನ ಫೋರಸ್ ಹೆಲ್ತ್ ಕಂಪನಿ ‘3ನೇತ್ರ ನಿಯೋ’ ಎಂಬ ಕ್ಯಾಮೆರಾವನ್ನು ಇಲ್ಲೇ ತಯಾರಿಸಿತು. ಲೆನ್ಸು, ಬೆಳಕು, ಸಾಫ್ಟ್‌ವೇರ್ ಎಲ್ಲವೂ ನಮ್ಮ ಪಠ್ಯದಲ್ಲಿರುವ ವಿಷಯಗಳೇ. ಕೆಲಸ ಎಂದರೆ ಐಟಿ ಒಂದೇ ಎಂದುಕೊಂಡ ನಮಗೆ ಇದೂ ಒಂದು ದಾರಿ.

ಆದರೆ ಯಂತ್ರ ದಾಟಲಾಗದ ಹೊಸ್ತಿಲೊಂದಿದೆ: ಬಾಣಂತನ. ಈ ವಿಷಯ ಮನೆಯಲ್ಲಿ ಹೇಳಿದಾಗ ನಮ್ಮ ಆಯಿ ಕೇಳಿದ್ದು ಇಷ್ಟೇ: “ತಿಂಗಳ ಕೂಸನ್ನ ಯಾರರೆ ಹೊರಗ ಒಯ್ತಾರೇನಪಾ?” ಆಕೆಯ ಕಾಳಜಿ ಸುಳ್ಳಲ್ಲ. ಆದರೆ ಕೂಸನ್ನು ಹೊರಗೆ ಒಯ್ಯದ ಆ ತಿಂಗಳೂ, ಕಣ್ಣು ಉಳಿಸುವ 30 ದಿನಗಳೂ ಒಂದೇ. ಕೂಸು ತವರುಮನೆಯ ಕೋಣೆಯಲ್ಲೇ ಉಳಿದರೆ ಯಾವ ಕ್ಯಾಮೆರಾವೂ ಪ್ರಯೋಜನಕ್ಕಿಲ್ಲ.

ಆದ್ದರಿಂದ ಗೆಳೆಯರೇ, ನಿಮ್ಮ ಓಣಿಯಲ್ಲಿ ಅಂಥ ಕೂಸಿದ್ದರೆ ಆಸ್ಪತ್ರೆಯ ಡಿಸ್ಚಾರ್ಜ್ ಚೀಟಿ ಕೇಳಿ ನೋಡಿ. ಎಷ್ಟು ವಾರಕ್ಕೆ ಹುಟ್ಟಿತು, ತೂಕವೆಷ್ಟು, ಕಣ್ಣಿನ ಪರೀಕ್ಷೆ ಆಗಿದೆಯೇ? ಆಗಿರದಿದ್ದರೆ ಮಕ್ಕಳ ವೈದ್ಯರನ್ನು ಇಂದೇ ಕೇಳಲು ಹೇಳಿ. ಆಯಿಗೂ ಬಿಡಿಸಿ ಹೇಳಿ. ಅರ್ಥವಾದರೆ ಕೂಸಿಗೆ ಕುಲಾಯಿ ಕಟ್ಟಿ ಮೊದಲು ಹೊರಡುವವಳು ಅವಳೇ.