ಮಾಜಿ ಸೈನಿಕರಿಗೆ ಮರೆವಿನ ಕಾಯಿಲೆ: ಆರೈಕೆ ಕೇಂದ್ರಕ್ಕೆ ಸೇರಿಸುವ ಮುನ್ನ ಮನೆಯವರು ಏನೇನು ನೋಡಬೇಕು?

ಮಡಿಕೇರಿ: ಫೀಲ್ಡ್ ಮಾರ್ಷಲ್ ಕಾರ್ಯಪ್ಪ, ಜನರಲ್ ತಿಮ್ಮಯ್ಯ ಅವರ ಜಿಲ್ಲೆಯಲ್ಲಿ ಮಾಜಿ ಸೈನಿಕರಿಲ್ಲದ ಊರು ಹುಡುಕಿದರೂ ಸಿಗುವುದು ಕಷ್ಟ. 1971ರ ಯುದ್ಧದ ಹೊತ್ತಿಗೆ 20ರ ಹರೆಯದಲ್ಲಿದ್ದ ಜವಾನರಿಗೆ ಈಗ 75ರ ಆಸುಪಾಸು. 1965ರಲ್ಲಿ ಗಡಿಯಲ್ಲಿದ್ದವರು 80 ದಾಟಿದ್ದಾರೆ. ಈ ವಯಸ್ಸಿನಲ್ಲಿ ಕಾಡುವ ಡಿಮೆನ್ಶಿಯಾ, ಅಂದರೆ ಮರೆವಿನ ಕಾಯಿಲೆ, ಈಗ ಕೊಡಗಿನ ಐದೂ ತಾಲೂಕುಗಳ ಮನೆಗಳಲ್ಲಿ ಸದ್ದಿಲ್ಲದೆ ಕೂತಿದೆ.

ದೇಶದಲ್ಲಿ 60 ವರ್ಷ ದಾಟಿದವರಲ್ಲಿ ಶೇ 7.4ರಷ್ಟು ಮಂದಿಗೆ, ಅಂದರೆ ಸುಮಾರು 88 ಲಕ್ಷ ಜನರಿಗೆ ಡಿಮೆನ್ಶಿಯಾ ಇದೆ ಎಂದು 2023ರಲ್ಲಿ ಪ್ರಕಟವಾದ ರಾಷ್ಟ್ರಮಟ್ಟದ ಅಧ್ಯಯನ ಅಂದಾಜಿಸಿದೆ. ಹೆಚ್ಚಿನ ಮನೆಗಳಲ್ಲಿ ನೋಡಿಕೊಳ್ಳುತ್ತಿರುವುದು ಹೆಂಡತಿ. ಆಕೆಗೂ 70 ಆಗಿರುತ್ತೆ. ಮಕ್ಕಳು ಬೆಂಗಳೂರಲ್ಲೋ ದುಬೈಯಲ್ಲೋ. ಕೊನೆಗೆ ಒಂದು ದಿನ "ಎಲ್ಲಾದರೂ ಒಳ್ಳೆ ಜಾಗ ಇದ್ರೆ ಸೇರಿಸೋಣ" ಅನ್ನೋ ಮಾತು ಬರುತ್ತೆ. ಆ ಮಾತು ಬಂದಾಗ ಗಡಿಬಿಡಿ ಮಾಡದೆ ನೋಡಬೇಕಾದ ವಿಷಯಗಳು ಇಲ್ಲಿವೆ.

ಮೊದಲು ಕಾಯಿಲೆ ಹೌದೋ ಅಲ್ಲವೋ ತಿಳಿಯಿರಿ

"ಅರವತ್ತಕ್ಕೆ ಅರಳು ಮರಳು" ಅಂತ ಬಿಟ್ಟುಬಿಡುವುದು ಮೊದಲ ತಪ್ಪು. ಮರೆತದ್ದೆಲ್ಲ ಡಿಮೆನ್ಶಿಯಾ ಅಂತ ತೀರ್ಮಾನಿಸುವುದು ಎರಡನೆಯದು. ವಿಟಮಿನ್ ಬಿ12 ಕೊರತೆ, ಥೈರಾಯ್ಡ್ ತೊಂದರೆ, ಖಿನ್ನತೆ, ಕೆಲವು ನಿದ್ರೆ ಮಾತ್ರೆ, ಬಿದ್ದ ಮೇಲೆ ತಲೆಯೊಳಗೆ ನಿಧಾನಕ್ಕೆ ಕಟ್ಟುವ ರಕ್ತ, ಇವೆಲ್ಲವೂ ಮರೆವು ತರುತ್ತವೆ. ಇವಕ್ಕೆ ಚಿಕಿತ್ಸೆ ಇದೆ. ನಿನ್ನೆವರೆಗೆ ಚೆನ್ನಾಗಿದ್ದವರು ಎರಡೇ ದಿನದಲ್ಲಿ ಗೊಂದಲಕ್ಕೆ ಬಿದ್ದರೆ ಮೂತ್ರದ ಸೋಂಕೋ ಜ್ವರವೋ ಇರಬಹುದು, ತಡಮಾಡದೆ ಆಸ್ಪತ್ರೆಗೆ ಕರೆದೊಯ್ಯಬೇಕು.

ಮಾಜಿ ಸೈನಿಕರು ಮಡಿಕೇರಿಯ ಇಸಿಎಚ್‌ಎಸ್ ಪಾಲಿಕ್ಲಿನಿಕ್‌ನಿಂದ ಶುರು ಮಾಡಬಹುದು. ಅಲ್ಲಿನ ರೆಫರಲ್ ಪತ್ರ ಇದ್ದರೆ ಯೋಜನೆಗೆ ಸೇರಿದ ದೊಡ್ಡ ಆಸ್ಪತ್ರೆಗಳಲ್ಲಿ ಪರೀಕ್ಷೆ, ಚಿಕಿತ್ಸೆ ಸಿಗುತ್ತೆ. ಮಡಿಕೇರಿಯ ಸರ್ಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆ ಮತ್ತು ಬೆಂಗಳೂರಿನ ನಿಮ್ಹಾನ್ಸ್ ಎಲ್ಲರಿಗೂ ತೆರೆದಿವೆ.

ಸೈನಿಕರ ವಿಷಯ ಬೇರೆ ಯಾಕೆ?

ಡಿಮೆನ್ಶಿಯಾದಲ್ಲಿ ಹೊಸ ನೆನಪು ಮೊದಲು ಹೋಗುತ್ತೆ, ಹಳೆಯದು ಉಳಿಯುತ್ತೆ. ಬೆಳಿಗ್ಗೆ ತಿಂದ ತಿಂಡಿ ನೆನಪಿಲ್ಲದವರಿಗೆ ತಮ್ಮ ಸೈನ್ಯದ ನಂಬರ್ ಬಾಯಿಪಾಠ ಇರುತ್ತೆ. ಹಾಗಾಗಿ ಎಷ್ಟೋ ಮಂದಿ ಮನಸ್ಸಿನಲ್ಲಿ ಮತ್ತೆ ಪಲ್ಟನ್‌ಗೆ ಹೋಗಿಬಿಡುತ್ತಾರೆ. ಬೆಳಗ್ಗೆ 4 ಗಂಟೆಗೆ ಎದ್ದು ಬೂಟು ಹುಡುಕುವುದು, ರಾತ್ರಿ ಬಾಗಿಲ ಹತ್ತಿರ ಕಾವಲು ನಿಲ್ಲುವುದು, "ರಜೆ ಮುಗೀತು, ಡ್ಯೂಟಿಗೆ ರಿಪೋರ್ಟ್ ಮಾಡಬೇಕು" ಅಂತ ಚೀಲ ತುಂಬುವುದು, ಎಲ್ಲ ಇದರದ್ದೇ ರೂಪ.

ಯುದ್ಧ ಕಂಡವರಿಗೆ ನೆನಪಿನ ಜೊತೆ ಭಯವೂ ಮರಳಬಹುದು. ಯುದ್ಧದ ಆಘಾತದಿಂದ ಬಳಲಿದ ಸೈನಿಕರಲ್ಲಿ ಡಿಮೆನ್ಶಿಯಾ ಸಾಧ್ಯತೆ ಸುಮಾರು ಎರಡು ಪಟ್ಟು ಎಂದು ಅಮೆರಿಕದ ಮಾಜಿ ಸೈನಿಕರ ಕುರಿತ 2010ರ ಅಧ್ಯಯನ ಹೇಳಿತ್ತು. ತಲೆಗೆ ಬಿದ್ದ ಪೆಟ್ಟೂ ಅಪಾಯ ಹೆಚ್ಚಿಸುತ್ತದೆ. ವರ್ಷಗಟ್ಟಲೆ ಗುಂಡಿನ ಸದ್ದಿಗೆ ಕಿವಿ ಮಂದವಾಗಿದ್ದರೆ ಅದೂ ಒಂದು ಕಾರಣ. ಕೇಳಿಸದವರಿಗೆ ಎದುರಿನವರ ಮಾತು ಗದರಿದಂತೆ ಕಾಣುತ್ತೆ, ಜಗಳ ಆಗುತ್ತೆ. ಆದ್ದರಿಂದ ಕೇಂದ್ರ ಹುಡುಕುವ ಮೊದಲು ಕಿವಿ, ಕಣ್ಣು ಪರೀಕ್ಷೆ ಮಾಡಿಸುವುದು ಒಳ್ಳೆಯದು. ಕೆಲವರ ಸಿಟ್ಟು ಅಷ್ಟರಲ್ಲೇ ಅರ್ಧ ಇಳಿದಿರುತ್ತೆ.

ಮನೆಯಲ್ಲಿ ಕೋವಿ ಇದ್ದರೆ ಇಂದೇ ಗಮನಿಸಿ

ಕೊಡವರಿಗೆ ಮತ್ತು ಜಮ್ಮಾ ಹಿಡುವಳಿದಾರರಿಗೆ ಕೋವಿ ಲೈಸೆನ್ಸ್‌ನಿಂದ ವಿನಾಯಿತಿ ಇದೆ. 2019ರಲ್ಲಿ ಕೇಂದ್ರ ಗೃಹ ಸಚಿವಾಲಯ ಅದನ್ನು 2029ರವರೆಗೆ ಮುಂದುವರಿಸಿದೆ. ಕೈಲ್ ಪೊಳ್ದ್ ದಿನ ಪೂಜೆ ಮಾಡುವ ಕೋವಿ ಗೌರವದ ಸಂಗತಿ ಹೌದು. ಆದರೆ ಕತ್ತಲಲ್ಲಿ ಮಗನನ್ನೇ ಗುರುತಿಸದೆ "ಯಾರದು?" ಅನ್ನುವ ಮಾಜಿ ಸೈನಿಕನ ಕೈಗೆ ಅದು ಸಿಗಬಾರದು. ಕೋವಿ ಒಂದು ಕಡೆ ಬೀಗದಲ್ಲಿ, ತೋಟಾ ಇನ್ನೊಂದು ಕಡೆ ಬೀಗದಲ್ಲಿ ಇರಲಿ. ಬೇರೆಯವರ ಮನೆಯಲ್ಲಿ ಇಡುವ ಯೋಚನೆ ಇದ್ದರೆ ಮೊದಲು ಪೊಲೀಸ್ ಠಾಣೆಯಲ್ಲಿ ಕೇಳಿಕೊಳ್ಳಿ. ಕೀಟನಾಶಕ, ತೋಟದ ಕತ್ತಿಗಳಿಗೂ ಇದೇ ಮಾತು.

ಯಾವಾಗ ಸೇರಿಸಬೇಕು?

"ಮಕ್ಕಳಿದ್ದೂ ಆಶ್ರಮಕ್ಕೆ ಹಾಕಿದ್ರು" ಅನ್ನೋ ಊರವರ ಮಾತಿಗೆ ಹೆದರಿ ಎಷ್ಟೋ ಮನೆಗಳಲ್ಲಿ ಹೆಂಡತಿಯೇ ಮೊದಲು ಹಾಸಿಗೆ ಹಿಡಿಯುತ್ತಾರೆ. ಈ ಲಕ್ಷಣಗಳಲ್ಲಿ ಎರಡು ಮೂರು ಒಟ್ಟಿಗೆ ಕಂಡರೆ ಹುಡುಕಾಟ ಶುರು ಮಾಡುವುದು ಜಾಣತನ:

- ರಾತ್ರಿ ಮನೆ ಬಿಟ್ಟು ಹೊರಡುವುದು. ಕಾಡಾನೆ ಓಡಾಡುವ ತೋಟದ ದಾರಿಯಲ್ಲಿ ಇದು ಪ್ರಾಣಕ್ಕೇ ಸಂಚಕಾರ.
- ನೋಡಿಕೊಳ್ಳುವವರಿಗೆ ವಾರಗಟ್ಟಲೆ ರಾತ್ರಿ ನಿದ್ದೆ ಇಲ್ಲದಿರುವುದು.
- ಸ್ನಾನ, ಶೌಚಕ್ಕೆ ಎತ್ತಿ ಕೂರಿಸಲು ಒಬ್ಬರಿಂದ ಆಗದಿರುವುದು.
- ಕೈ ಎತ್ತುವುದು, ತಳ್ಳುವುದು ಪದೇ ಪದೇ ಆಗುತ್ತಿರುವುದು.

ಸೇರಿಸಲು ಇನ್ನೂ ಮನಸ್ಸಿಲ್ಲದಿದ್ದರೆ ಹಗಲಿಗೆ ಒಬ್ಬ ಸಹಾಯಕರನ್ನು ಇಟ್ಟುಕೊಳ್ಳುವುದು, ಒಂದೆರಡು ವಾರದ ಮಟ್ಟಿಗೆ ಮಾತ್ರ ಕೇಂದ್ರದಲ್ಲಿ ಬಿಡುವುದು ಕೂಡ ದಾರಿಗಳೇ.

ಆರ್ಮಿಯದ್ದೇ ಹೋಂ ಇಲ್ವಾ?

ಹೆಚ್ಚು ಕೇಳಿಬರುವ ಪ್ರಶ್ನೆ ಇದು. ಪುಣೆಯ ಕಿರ್ಕಿಯಲ್ಲಿ ಸೈನಿಕರ ಪುನರ್ವಸತಿ ಕೇಂದ್ರ ಇದೆ, ಆದರೆ ಅದು ಬೆನ್ನುಹುರಿ ಪೆಟ್ಟಾದವರಿಗೆ. ಡಿಮೆನ್ಶಿಯಾಕ್ಕೆ ಕೊಡಗಿನ ಕುಟುಂಬಗಳು ಸಾಮಾನ್ಯವಾಗಿ ನೋಡುವುದು ಮೈಸೂರು, ಬೆಂಗಳೂರಿನ ಖಾಸಗಿ ಅಥವಾ ಟ್ರಸ್ಟ್ ಕೇಂದ್ರಗಳನ್ನು. ಬೆಂಗಳೂರಿನಲ್ಲಿ ನೈಟಿಂಗೇಲ್ಸ್ ಮೆಡಿಕಲ್ ಟ್ರಸ್ಟ್ ಈ ಕ್ಷೇತ್ರದಲ್ಲಿ ಹಳೆಯ ಹೆಸರು. 1992ರಲ್ಲಿ ಕೇರಳದಲ್ಲಿ ಶುರುವಾದ ಎಆರ್‌ಡಿಎಸ್‌ಐ ಸಂಸ್ಥೆ ಮನೆಯವರಿಗೆ ಮಾರ್ಗದರ್ಶನ ಕೊಡುತ್ತದೆ.

ಒಂದು ಮಾತು ನೆನಪಿರಲಿ. ವೃದ್ಧಾಶ್ರಮ ಬೇರೆ, ಡಿಮೆನ್ಶಿಯಾ ಕೇಂದ್ರ ಬೇರೆ. ಓಡಾಡಿಕೊಂಡು ಇರುವ ವೃದ್ಧರಿಗಾಗಿ ಕಟ್ಟಿದ ಆಶ್ರಮದಲ್ಲಿ ರಾತ್ರಿ ಗೇಟಿನ ಹತ್ತಿರ ಹೋಗುವವರನ್ನು ನೋಡಲು ಜನ ಇರುವುದಿಲ್ಲ. ಆಗ ಅವರ ಬಳಿ ಉಳಿಯುವ ಉಪಾಯ ಎರಡೇ: ಕೋಣೆಗೆ ಬೀಗ, ಇಲ್ಲವೇ ನಿದ್ರೆ ಮಾತ್ರೆ.

ಹೋಗಿ ನೋಡುವಾಗ ಕೇಳಬೇಕಾದ ಪ್ರಶ್ನೆಗಳು

ಎರಡು ಸಲ ಹೋಗಿ. ಒಂದು ಸಲ ಹೇಳಿ, ಇನ್ನೊಂದು ಸಲ ಹೇಳದೆ, ಸಂಜೆ 5ರಿಂದ 7ರೊಳಗೆ. ಡಿಮೆನ್ಶಿಯಾ ಇರುವವರಿಗೆ ಸಂಜೆಯ ಹೊತ್ತಿಗೆ ಚಡಪಡಿಕೆ ಹೆಚ್ಚು. ಕೇಂದ್ರ ಹೇಗೆ ಅಂತ ಗೊತ್ತಾಗುವುದು ಆಗಲೇ.

*ನೋಂದಣಿ ಯಾವುದರಡಿ?* ಬರೀ ಟ್ರಸ್ಟ್ ಅಥವಾ ಸಂಘದ ನೋಂದಣಿಯೋ, ಕರ್ನಾಟಕದ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆ (ಕೆಪಿಎಂಇ) ಅಥವಾ ಮಾನಸಿಕ ಆರೋಗ್ಯ ಕಾಯ್ದೆಯಡಿ ನೋಂದಣಿಯೋ? ಪ್ರಮಾಣಪತ್ರದ ಫೋಟೊ ತೆಗೆದುಕೊಳ್ಳಿ.

*ರಾತ್ರಿ ಎಷ್ಟು ಜನ ಎಚ್ಚರ ಇರುತ್ತಾರೆ?* ಹಗಲಿನ ಲೆಕ್ಕ ಎಲ್ಲರೂ ಹೇಳುತ್ತಾರೆ. ರಾತ್ರಿ ಲೆಕ್ಕ ಕೇಳಿ.

*ಹಠ ಮಾಡಿದರೆ ಏನು ಮಾಡುತ್ತೀರಿ?* ಮಾನಸಿಕ ಕಾಯಿಲೆ ಇರುವವರನ್ನು ಸರಪಳಿಯಲ್ಲಿ ಕಟ್ಟುವುದನ್ನು 2017ರ ಮಾನಸಿಕ ಆರೋಗ್ಯ ಕಾಯ್ದೆ ಪೂರ್ತಿ ನಿಷೇಧಿಸಿದೆ. ಕುರ್ಚಿಗೆ ಬಟ್ಟೆಯಿಂದ ಕಟ್ಟಿದವರು ಕಣ್ಣಿಗೆ ಬಿದ್ದರೆ ಅಲ್ಲಿಂದ ಹೊರಡುವುದೇ ಸರಿ.

*ಮಂಕು ಬರಿಸುವ ಮಾತ್ರೆ ಯಾರು ಬರೆಯುತ್ತಾರೆ?* ಸಿಟ್ಟು ಇಳಿಸಲು ಕೊಡುವ ಕೆಲವು ಮಾತ್ರೆಗಳು ಡಿಮೆನ್ಶಿಯಾ ಇರುವ ವೃದ್ಧರಲ್ಲಿ ಪಾರ್ಶ್ವವಾಯು, ಸಾವಿನ ಅಪಾಯ ಹೆಚ್ಚಿಸುತ್ತವೆ. ವೈದ್ಯರ ಚೀಟಿ ಇಲ್ಲದೆ, ಮನೆಯವರಿಗೆ ತಿಳಿಸದೆ ಕೊಡುವಂತಿಲ್ಲ ಅಂತ ಬರೆಸಿಕೊಳ್ಳಿ.

*"ಡ್ಯೂಟಿಗೆ ಹೋಗಬೇಕು" ಅಂದರೆ ಏನು ಉತ್ತರ ಕೊಡುತ್ತೀರಿ?* ಇದನ್ನು ಮ್ಯಾನೇಜರ್‌ಗೆ ಕೇಳಬೇಡಿ, ಆರೈಕೆ ಮಾಡುವ ಹುಡುಗ ಹುಡುಗಿಯರಿಗೆ ಕೇಳಿ. "ಅಜ್ಜ, ನೀವು ರಿಟೈರ್ ಆಗಿ ನಲವತ್ತು ವರ್ಷ ಆಯ್ತು" ಅಂದರೆ ಜಗಳ ಗ್ಯಾರಂಟಿ. "ಸಾಹೇಬ್ರೆ, ಚಾ ಕುಡಿದು ಹೋಗೋಣ, ಯಾವ ರೆಜಿಮೆಂಟ್ ನಿಮ್ದು?" ಅನ್ನುವವರು ಕೆಲಸ ಗೊತ್ತಿದ್ದವರು.

*ಭಾಷೆ ಯಾವುದು?* ಕಾಯಿಲೆ ಬೆಳೆದಂತೆ ಎಷ್ಟೋ ಮಂದಿ ಮೊದಲು ಕಲಿತ ಭಾಷೆಗೆ ಮರಳುತ್ತಾರೆ. ಕೊಡವ ತಕ್ಕ್, ಅರೆಭಾಷೆ, ಮಲಯಾಳಂ, ತುಳು, ಯಾವುದಾದರೂ ಇರಲಿ, ನಾಲ್ಕು ಮಾತು ಬಲ್ಲವರು ಒಬ್ಬರಾದರೂ ಇದ್ದಾರಾ? ಸೈನ್ಯದ ಹಿಂದಿ ಕೆಲವರಿಗೆ ಕೊನೆವರೆಗೂ ಉಳಿಯುತ್ತೆ, ಅದನ್ನೂ ಹೇಳಿ. ನೀರು, ನೋವು, ಶೌಚ, ಹಸಿವು ಇಂಥ ಹತ್ತು ಪದಗಳನ್ನು ಮನೆಭಾಷೆಯಲ್ಲಿ ಬರೆದು ಕೊಟ್ಟರೆ ತುಂಬಾ ಉಪಯೋಗ.

*ಅಂಗಳ ಇದೆಯಾ?* ಬದುಕೆಲ್ಲ ಬೆಳಗಿನ ಪಿ.ಟಿ., ತೋಟದ ಕೆಲಸ ಮಾಡಿದವರನ್ನು ಮೂರನೇ ಮಹಡಿಯ ಕೋಣೆಯಲ್ಲಿ ಕೂರಿಸಿದರೆ ಚಡಪಡಿಕೆ ಹೆಚ್ಚಾಗುತ್ತೆ. ಸುತ್ತು ಹಾಕಿ ಮತ್ತೆ ಒಳಗೇ ಬರುವಂಥ ದಾರಿ ಇರುವ ಅಂಗಳ ಒಳ್ಳೆಯದು.

*ಪಟಾಕಿ ದಿನ ಏನು ವ್ಯವಸ್ಥೆ?* ದೀಪಾವಳಿಯ ಸದ್ದು ಯುದ್ಧ ಕಂಡವರಿಗೆ ಹಬ್ಬದ ಸದ್ದಾಗಿ ಕೇಳದೇ ಇರಬಹುದು. ಆ ಸಂಜೆ ಒಳಗಿನ ಕೋಣೆ, ರೇಡಿಯೋ, ಜೊತೆಗೆ ಒಬ್ಬರು ಬೇಕು.

*ಫೋಟೊ, ವಿಡಿಯೊ ಹಾಕುತ್ತೀರಾ?* ಕೆಲವು ಕಡೆ ವೃದ್ಧರನ್ನು ಕುಣಿಸಿ ರೀಲ್ಸ್ ಮಾಡುವುದಿದೆ. ಒಪ್ಪಿಗೆ ಇಲ್ಲದಿದ್ದರೆ ಸೇರಿಸುವ ದಿನವೇ ಬರಹದಲ್ಲಿ ಕೊಡಿ.

ದುಡ್ಡಿನ ಲೆಕ್ಕ ಕೂಡಿ ಕಳೆದು ನೋಡಿ

ಇಸಿಎಚ್‌ಎಸ್ 2003ರ ಏಪ್ರಿಲ್‌ನಲ್ಲಿ ಶುರುವಾದ ಆರೋಗ್ಯ ಯೋಜನೆ. ಚಿಕಿತ್ಸೆ, ಔಷಧಿ ಅದರ ಮುಖ್ಯ ಕೆಲಸ. ತಿಂಗಳ ವಾಸದ ಖರ್ಚನ್ನೂ "ಇಸಿಎಚ್‌ಎಸ್‌ನಲ್ಲಿ ಮಾಡಿಸಿಕೊಡ್ತೀವಿ" ಅಂತ ಯಾರಾದರೂ ಬಾಯಲ್ಲಿ ಹೇಳಿದರೆ ಒಪ್ಪಬೇಡಿ. ಆ ಕೇಂದ್ರ ಯೋಜನೆಯ ಪಟ್ಟಿಯಲ್ಲಿದೆಯಾ, ಯಾವ ಸೇವೆಗೆ ಅಂತ ಪಾಲಿಕ್ಲಿನಿಕ್‌ನಲ್ಲಿ ವಿಚಾರಿಸಿಯೇ ಮುಂದುವರಿಯಿರಿ.

ಪಿಂಚಣಿ ಪೂರ್ತಿ ಕೇಂದ್ರಕ್ಕೇ ಹೋದರೆ ಮನೆಯಲ್ಲಿರುವ ಹೆಂಡತಿ ಬದುಕುವುದು ಹೇಗೆ ಅನ್ನೋ ಲೆಕ್ಕ ಮೊದಲು ಹಾಕಿ. ಯಜಮಾನರು ತೀರಿಕೊಂಡ ಮೇಲೆ ಬರುವ ಕುಟುಂಬ ಪಿಂಚಣಿ ಕಡಿಮೆ. ಹಾಗಾಗಿ ಠೇವಣಿ ಮುರಿಯುವ ಮುನ್ನ ಎರಡು ಸಲ ಯೋಚಿಸಿ.

ಕರಾರು ಪತ್ರದಲ್ಲಿ ಇವು ಇರಲೇಬೇಕು: ಮುಂಗಡ ಯಾವಾಗ ವಾಪಸ್, ವರ್ಷಕ್ಕೆ ಶುಲ್ಕ ಎಷ್ಟು ಏರಿಕೆ, ಡೈಪರ್, ಔಷಧಿಗೆ ಬೇರೆ ಬಿಲ್ಲಾ, ಆಸ್ಪತ್ರೆಯಲ್ಲಿದ್ದ ದಿನಗಳಿಗೂ ಬಾಡಿಗೆಯಾ, ಕಾಯಿಲೆ ಹೆಚ್ಚಾದರೆ ಹೊರಗೆ ಕಳುಹಿಸುತ್ತಾರಾ.

ಸೇರಿಸುವ ಮುನ್ನ ಕಾಗದ ಪತ್ರ

ಯಜಮಾನರಿಗೆ ಅರಿವು ಇರುವಾಗಲೇ ಈ ಕೆಲಸ ಮುಗಿಸಿದರೆ ಮುಂದೆ ಅಲೆದಾಟ ತಪ್ಪುತ್ತೆ. ಪಿಂಚಣಿ ಖಾತೆ ಹೆಂಡತಿಯ ಜೊತೆ ಜಂಟಿ ಆಗಿದೆಯಾ ನೋಡಿ. ಪಿಪಿಒ, ಡಿಸ್ಚಾರ್ಜ್ ಪುಸ್ತಕ, ಇಸಿಎಚ್‌ಎಸ್ ಕಾರ್ಡ್‌ನಲ್ಲಿ ಹೆಸರು, ಹುಟ್ಟಿದ ದಿನ ಒಂದೇ ರೀತಿ ಇವೆಯಾ, ಹೆಂಡತಿಯ ಹೆಸರು ಸರಿ ಇದೆಯಾ ಪರಿಶೀಲಿಸಿ. ತಪ್ಪಿದ್ದರೆ ಮಡಿಕೇರಿಯ ಸೈನಿಕ ಕಲ್ಯಾಣ ಇಲಾಖೆ ಕಚೇರಿಯಲ್ಲಿ ವಿಚಾರಿಸಿ. ವರ್ಷಕ್ಕೊಮ್ಮೆ ಕೊಡುವ ಜೀವನ ಪ್ರಮಾಣಪತ್ರವನ್ನು ಈಗ ಮೊಬೈಲಿನಲ್ಲಿ ಮುಖ ತೋರಿಸಿಯೂ ಕೊಡಬಹುದು. ಕೇಂದ್ರದಿಂದ ಬ್ಯಾಂಕಿಗೆ ಕರೆತರುವ ಕಷ್ಟವಿಲ್ಲ. ತನ್ನ ಪರವಾಗಿ ಚಿಕಿತ್ಸೆಯ ವಿಷಯದಲ್ಲಿ ಮಾತಾಡುವ ವ್ಯಕ್ತಿಯನ್ನು ಮೊದಲೇ ಬರೆದು ನೇಮಿಸಲು 2017ರ ಕಾಯ್ದೆಯಲ್ಲಿ ಅವಕಾಶವಿದೆ.

ಕುಡಿಯುವ ಅಭ್ಯಾಸ ಇದ್ದರೆ ಮರ್ಯಾದೆಗೆ ಅಂಜಿ ಮುಚ್ಚಿಡಬೇಡಿ. ದಿನಾ ಕುಡಿಯುವವರಿಗೆ ಒಮ್ಮೆಲೇ ನಿಲ್ಲಿಸಿದರೆ ಅಪಾಯ ಆಗಬಹುದು. ಕೇಂದ್ರದ ವೈದ್ಯರಿಗೆ ಇದ್ದದ್ದು ಇದ್ದ ಹಾಗೆ ಹೇಳಿ.

ಕೋಣೆಯಲ್ಲಿ ರೆಜಿಮೆಂಟಿನ ಫೋಟೊ, ಹಳೆ ಟೋಪಿ ಇರಲಿ. ಪದಕಗಳ ಅಸಲು ಮಾತ್ರ ಮನೆಯಲ್ಲೇ ಉಳಿಯಲಿ. ಅಲ್ಲಿಗೆ ಫೋಟೊ ಸಾಕು. ಕೇಂದ್ರದವರಿಗೆ ಒಂದು ಪುಟದ ಪರಿಚಯ ಬರೆದು ಕೊಡಿ: ಯಾವ ಹೆಸರಿಂದ ಕರೆದರೆ ಖುಷಿ, ಎಷ್ಟು ಗಂಟೆಗೆ ಏಳುತ್ತಾರೆ, ಯಾವ ಯುದ್ಧದ ಮಾತು ಎತ್ತಬಾರದು.

ಅಂಗಡಿಯವರು ಮಾಡಬಹುದಾದ್ದು

ದಿನಕ್ಕೆ ಮೂರು ಸಲ ಬಂದು ಅದೇ ಸಕ್ಕರೆ ಕೇಳುವವರು, ಕೊಟ್ಟ ದುಡ್ಡನ್ನೇ ಮತ್ತೆ ಕೊಡುವವರು, ದಾರಿ ತಿಳಿಯದೆ ನಿಂತವರು ಮೊದಲು ಕಾಣುವುದು ಅಂಗಡಿಯವರಿಗೇ. ನಗಬೇಡಿ, ವಾದ ಬೇಡ. ಒಳಗೆ ಕೂರಿಸಿ ನೀರು ಕೊಟ್ಟು ಮನೆಯವರಿಗೆ ಫೋನ್ ಮಾಡಿ. ಮನೆಯವರೂ ಮೊದಲೇ ಬಂದು ಪಕ್ಕದ ಅಂಗಡಿ, ಆಟೋ ಸ್ಟ್ಯಾಂಡಿನವರಿಗೆ ನಂಬರ್ ಕೊಟ್ಟಿದ್ದರೆ ಅರ್ಧ ಕೆಲಸ ಮುಗಿದಂತೆ.

ಸೇರಿಸಿದ ಮೇಲೆ

ಮೊದಲ ತಿಂಗಳು ಕಷ್ಟ. "ಮನೆಗೆ ಕರ್ಕೊಂಡು ಹೋಗು" ಅನ್ನುತ್ತಾರೆ, ಕೆಲವರು ಮಾತೇ ಬಿಡುತ್ತಾರೆ. ಭೇಟಿ ತಪ್ಪಿಸಬೇಡಿ. ತೂಕ ಇಳಿದಿದೆಯಾ, ಮೈಮೇಲೆ ನೀಲಿ ಕಲೆ, ಬೆನ್ನಲ್ಲಿ ಹುಣ್ಣು ಇದೆಯಾ, ಹೊಸ ಮಾತ್ರೆ ಸೇರಿದೆಯಾ ಪ್ರತಿ ಸಲ ನೋಡಿ. ಸಂಬಂಧಿಕರು ಆಗಾಗ ಬಂದು ಹೋಗುವ ಮಂಚದ ಹತ್ತಿರ ಕೆಲಸದವರ ಕಣ್ಣೂ ಹೆಚ್ಚು ಇರುತ್ತೆ. ಪೋಷಕರನ್ನು ಬಿಟ್ಟು ಕೈ ತೊಳೆದುಕೊಂಡರೆ 2007ರ ಹಿರಿಯ ನಾಗರಿಕರ ಕಾಯ್ದೆಯಡಿ ಅದು ಶಿಕ್ಷಾರ್ಹ ಅಪರಾಧ. ಜೀವನಾಂಶದ ದೂರು ಕೇಳುವುದು ಉಪವಿಭಾಗಾಧಿಕಾರಿಯ ನ್ಯಾಯಮಂಡಳಿ.

ಸಹಾಯವಾಣಿಗಳು

- ಹಿರಿಯರ ಸಹಾಯವಾಣಿ: 14567
- ಮಾನಸಿಕ ಆರೋಗ್ಯಕ್ಕೆ ಟೆಲಿ ಮನಸ್ (24 ಗಂಟೆ): 14416
- ಹಿರಿಯರು ಕಾಣೆಯಾದರೆ ಬೆಳಗಾಗಲಿ ಅಂತ ಕಾಯದೆ ತಕ್ಷಣ: 112