ಬೀಳಲರಿಯದ ತೆಂಗಿನಕಾಯಿ

ಮಣ್ಣಿನ ಗೊಂಬೆ ತಾನಾಗಿ ನಡೆಯಬಲ್ಲುದೆ? ನಡೆಯಲಾರದು. ಆದರೂ ನಡೆದಂತೆ ತೋರಿಸಬಹುದು. ಗೊಂಬೆಯನ್ನು ಎಳ್ಳಷ್ಟು ಸರಿಸಿ ಒಂದು ಚಿತ್ರ, ಮತ್ತೆ ಎಳ್ಳಷ್ಟು ಸರಿಸಿ ಇನ್ನೊಂದು ಚಿತ್ರ. ಹೀಗೆ ತೆಗೆದ ಬಿಡಿಚಿತ್ರಗಳನ್ನು ಒಂದರ ಹಿಂದೊಂದು ವೇಗವಾಗಿ ತೋರಿಸಿದರೆ ಜಡವಸ್ತುವಿಗೆ ಜೀವ ಬಂದಂತಾಗುತ್ತದೆ. ಇದಕ್ಕೆ ‘ಸ್ಟಾಪ್ ಮೋಷನ್’ ಎಂದು ಹೆಸರು. ಈ ಕಲೆಯ ಹವ್ಯಾಸಿಗಳು ಇಪ್ಪತ್ತು ಮಂದಿ ಒಂದು ಭಾನುವಾರ ಬೆಂಗಳೂರಿನಲ್ಲಿ ಕಲೆತಿದ್ದಾಗ ನಾವೂ ಹೋಗಿದ್ದೆವು. ಭೌತಶಾಸ್ತ್ರದ ಉಪನ್ಯಾಸಕರಿಗೆ ಅಲ್ಲೇನು ಕೆಲಸವೆಂದು ವಾಚಕರು ಕೇಳಬಹುದು. ಬೆಳಿಗ್ಗೆ ನಾವೂ ಹಾಗೆಯೇ ಎಣಿಸಿದ್ದೆವು.

ಈ ಕಲೆ ಹೊಸದಲ್ಲ. 1913ರಲ್ಲಿ ‘ರಾಜಾ ಹರಿಶ್ಚಂದ್ರ’ ತೆರೆಗೆ ಬರುವ ಮೊದಲೇ ದಾದಾಸಾಹೇಬ್ ಫಾಲ್ಕೆಯವರು ಬಟಾಣಿ ಕಾಳು ಮೊಳೆತು ಗಿಡವಾಗುವುದನ್ನು ಬಿಡಿಬಿಡಿಯಾಗಿ ಚಿತ್ರಿಸಿ ತೋರಿಸಿದ್ದರು. ಅಲ್ಲಿ ವಸ್ತುವನ್ನು ಸರಿಸಿದ್ದು ಪ್ರಕೃತಿ. ಗೊಂಬೆಗಳ ಚಿತ್ರದಲ್ಲಾದರೋ ಸರಿಸುವುದು ಮನುಷ್ಯನ ಬೆರಳು. 1933ರ ‘ಕಿಂಗ್ ಕಾಂಗ್’ ಚಿತ್ರದ ದೈತ್ಯ ವಾನರನು ಬಹುಮಟ್ಟಿಗೆ ಅರ್ಧ ಮೀಟರಿನಷ್ಟು ಎತ್ತರದ ಗೊಂಬೆ. ಅದಕ್ಕೆ ಹೊದಿಸಿದ್ದ ಮೊಲದ ತುಪ್ಪಳವು ಬೆರಳು ಸೋಕಿದಾಗಲೆಲ್ಲ ಕದಲಿ, ತೆರೆಯ ಮೇಲೆ ಅಲುಗಾಡುವುದನ್ನು ಇಂದಿಗೂ ಕಾಣಬಹುದು.

ಬಿಡಿಚಿತ್ರಗಳು ಚಲನೆಯಾಗಿ ಕಾಣುವುದೇಕೆ? ಅಕ್ಷಿಪಟದ ಮೇಲೆ ಬಿಂಬವು ಕ್ಷಣಕಾಲ ಉಳಿಯುವುದೇ ಕಾರಣವೆಂದು ಬಹುಕಾಲ ಹೇಳುತ್ತಿದ್ದರು. ಅಷ್ಟು ಸಾಲದು. 1912ರಲ್ಲಿ ಮಾಕ್ಸ್ ವರ್ಟ್‌ಹೈಮರ್ ಎಂಬ ಮನೋವಿಜ್ಞಾನಿಯು, ಅಕ್ಕಪಕ್ಕದ ಎರಡು ಗೆರೆಗಳನ್ನು ತಕ್ಕ ಅಂತರದಲ್ಲಿ ಒಂದಾದಮೇಲೊಂದು ತೋರಿಸಿದರೆ ಒಂದೇ ಗೆರೆ ಸರಿದಂತೆ ಕಾಣುವುದೆಂದು ತೋರಿಸಿದನು. ನಡುವಣ ಚಲನೆಯನ್ನು ಕಟ್ಟಿಕೊಳ್ಳುವುದು ಮಿದುಳು.

ನಮಗೂ ಒಂದು ಮೇಜು ದೊರೆಯಿತು. ಅರ್ಧ ಮೀಟರಿಗಿಂತ ತುಸು ಎತ್ತರದ ತೆಂಗಿನಮರ. ಅದರಿಂದ ಮಣ್ಣಿನ ಕಾಯಿಯೊಂದು ಬೀಳಬೇಕು. ನಿಜವಾದ ಕಾಯಿ ಒಂದು ಸೆಕೆಂಡಿನಲ್ಲಿ 4.9 ಮೀಟರ್ ಬೀಳುತ್ತದೆ. ಹತ್ತರಲ್ಲೊಂದು ಅಳತೆಯ ಗೊಂಬೆಲೋಕದಲ್ಲಿ ಅದು 49 ಸೆಂಟಿಮೀಟರ್. ಸೆಕೆಂಡಿಗೆ 24 ಚಿತ್ರ. ಒಂದೊಂದು ಭಂಗಿಗೆ ಎರಡೆರಡು ಚಿತ್ರವಾದರೆ ಹನ್ನೆರಡು ಹೆಜ್ಜೆ. ತೆಳುವಾದ ತಂತಿಯಲ್ಲಿ ತೂಗಿದ ಕಾಯಿಯನ್ನು ನಾವು ಹೆಜ್ಜೆಗೆ ನಾಲ್ಕು ಸೆಂಟಿಮೀಟರಿನಂತೆ ಸಮನಾಗಿ ಇಳಿಸಿದೆವು. ಚಿತ್ರವನ್ನು ಓಡಿಸಿದಾಗ ಕಾಯಿ ಬೀಳಲಿಲ್ಲ. ಬಾವಿಗೆ ಹಗ್ಗದಲ್ಲಿ ಬಿಟ್ಟ ಕೊಡದಂತೆ ಇಳಿಯಿತು.

ಪಕ್ಕದ ಮೇಜಿನ ವಿದ್ಯಾರ್ಥಿನಿ ನಕ್ಕಳು. “ಸಾರ್, ನಿಮ್ಮ ಕಾಯಿಗೆ ತೂಕವೇ ಇಲ್ಲ.”

ನಾವು ನಾಚಿದೆವು. ಆಕೆ ತೂಕವೆಂದದ್ದು ವೇಗೋತ್ಕರ್ಷವನ್ನು. ಸಮಕಾಲಗಳಲ್ಲಿ ಬೀಳುವ ದೂರಗಳು 1, 3, 5, 7 ಎಂಬ ಬೆಸಸಂಖ್ಯೆಗಳಂತೆ ಏರುತ್ತವೆಂದು ಗೆಲಿಲಿಯೊ 1638ರ ತನ್ನ ಗ್ರಂಥದಲ್ಲಿ ಸಾರಿದ್ದಾನೆ. ಪ್ರತಿವರ್ಷವೂ ಇದನ್ನೇ ಕಪ್ಪುಹಲಗೆಯ ಮೇಲೆ ಬರೆಯುವ ನಮ್ಮ ಬೆರಳಿಗೆ ಅದು ತಿಳಿದಿರಲಿಲ್ಲ! ಅಳತೆಪಟ್ಟಿ ಹಿಡಿದು ಗುರುತು ಹಾಕಿದೆವು: ಮೊದಲ ಹೆಜ್ಜೆ 3.4 ಮಿಲಿಮೀಟರ್, ಎರಡನೆಯದು 10.2, ಮೂರನೆಯದು 17. ಹನ್ನೆರಡನೆಯದು ಸುಮಾರು 78. ಈ ಬಾರಿ ಕಾಯಿ ಬಿದ್ದಿತು. ಕೆಳಗೆ ನಿಂತಿದ್ದ ಗೊಂಬೆಯ ತಲೆಯ ಬಗೆಗೆ ನಮಗೇ ಮರುಕವಾಯಿತು.

ಮಧ್ಯಾಹ್ನ ಯಾರದೋ ಕಾಲು ತಗುಲಿ ಹುಡುಗನೊಬ್ಬನ ಕ್ಯಾಮರಾ ಕದಲಿತು. ತೊಂಬತ್ತು ಭಂಗಿಗಳು, ಏಳೂವರೆ ಸೆಕೆಂಡಿನ ಚಿತ್ರ, ಮೂರು ಗಂಟೆಗಳ ದುಡಿಮೆ. ಕ್ಯಾಮರಾ ಕೂದಲೆಳೆಯಷ್ಟು ತಿರುಗಿದರೂ ತೆರೆಯ ಮೇಲೆ ಇಡೀ ಲೋಕವೇ ಜಿಗಿಯುತ್ತದೆ. ಅವನು ಮಾತಾಡದೆ ಮೊದಲ ಚಿತ್ರದಿಂದ ಮತ್ತೆ ತೊಡಗಿದನು.

ಸಂಜೆ ಎಲ್ಲರ ಚಿತ್ರಗಳನ್ನೂ ತೋರಿಸಿದರು. ಇಪ್ಪತ್ತು ಮಂದಿಯ ದಿನದ ಫಲ ಒಂದೂವರೆ ನಿಮಿಷ! ಹುಡುಗನದು ಎರಡೇ ಸೆಕೆಂಡು. ಅವನ ಕಪ್ಪೆ ಹಾರುವ ಮುನ್ನ ಕಾಲು ಮಡಿಸಿ ಕುಗ್ಗಿದುದನ್ನು ಕಂಡು ಎಲ್ಲರೂ ಚಪ್ಪಾಳೆ ತಟ್ಟಿದರು.

ವಿದ್ಯಾರ್ಥಿಗಳು ಮನೆಯಲ್ಲೇ ಇದನ್ನು ಪರೀಕ್ಷಿಸಬಹುದು. ಉದ್ದನೆಯ ಕಾಗದವನ್ನು ಮೇಜಿನ ಮೇಲೆ ಹಾಸಿ, ಒಂದು ತುದಿಯಿಂದ 2, 8, 18, 32 ಮಿಲಿಮೀಟರ್—ಹೀಗೆ ವರ್ಗಸಂಖ್ಯೆಗಳ ಇಮ್ಮಡಿಯಂತೆ 288ರವರೆಗೆ ಗುರುತಿಡಿ. ಮೊಬೈಲ್ ಫೋನನ್ನು ಮೇಲಿನಿಂದ ಅಲುಗದಂತೆ ನಿಲ್ಲಿಸಿ, ನಾಣ್ಯವನ್ನು ಗುರುತಿನಿಂದ ಗುರುತಿಗೆ ಸರಿಸುತ್ತ ಚಿತ್ರ ತೆಗೆಯಿರಿ. ಬಳಿಕ ಸಮಾನ ಅಂತರದಲ್ಲಿಯೂ ತೆಗೆದು ಹೋಲಿಸಿ. ಯಾವ ನಾಣ್ಯ ಬೀಳುತ್ತದೆ, ಯಾವುದು ಇಳಿಯುತ್ತದೆ ಎಂಬುದನ್ನು ನಿಮ್ಮ ಕಣ್ಣೇ ಹೇಳುವುದು.